ಉದ್ಯಮಬಾಗದ ಫೌಂಡ್ರಿ ಸಂಬಳ: ಪಿಎಫ್ ದಾಖಲೆ ನಂಬಿ ಪಿಎಚ್‌ಡಿ ಮಾಡಬಹುದಾ?

ಇಂಡಿ_ಲಿಂಬಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಇಲ್ಲಿ ಮಾಮಾನ ಮನೆಯಲ್ಲಿ ಇದ್ದೇನೆ. ಪ್ರಶ್ನೆ ಹುಟ್ಟಿದ್ದೂ ಮಾಮಾನಿಂದಲೇ.

ಮಾಮಾ ಮೋಲ್ಡರ್. 19 ವರ್ಷದಿಂದ ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ, ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ಉಸುಕು ಬಡಿದು ಅಚ್ಚು ಮಾಡುತ್ತಿದ್ದಾರೆ. ಹೋದ ವರ್ಷ ಒಂದು ಸಣ್ಣ ಶೆಡ್ ಬಿಟ್ಟು, ಎರಡು ರಸ್ತೆ ಆಚೆ ಇರುವ ದೊಡ್ಡ ಫೌಂಡ್ರಿ ಸೇರಿದರು. ಅಲ್ಲಿಯ ಮಾಲು ಹೊರದೇಶಕ್ಕೆ ಹೋಗುತ್ತದೆ. ತಿಂಗಳಿಗೆ 14,500 ಇದ್ದದ್ದು 19,000 ಆಯಿತು. ಕೈ ಅದೇ, ಉಸುಕು ಅದೇ, ಮಾಮಾನ ಸೊಂಟನೋವೂ ಅದೇ. ಹಾಗಾದರೆ ಈ 4,500 ರೂಪಾಯಿ ಎಲ್ಲಿಂದ ಬಂತು? ಮಾಮಿಯ ಪ್ರಕಾರ, "ಅವ್ರ ಕೈಗೆ ಈಗ ಬೆಲೆ ಸಿಕ್ಕೈತಿ." ಮಾಮಾ ಒಪ್ಪುವುದಿಲ್ಲ. "ಕೈ ಮೊದ್ಲೂ ಇದ್ವಲ್ಲ, ಕಂಪನಿ ಚಲೋ ಐತಿ ಅಷ್ಟ."

ಊಟದ ಹೊತ್ತಿನ ಈ ಜಗಳವನ್ನು ನನ್ನ ಗೈಡ್‌ಗೆ ಹೇಳಿದೆ. "ಇದನ್ನೇ ವಿಷಯ ಮಾಡು" ಅಂದರು. ಸಂಬಳದಲ್ಲಿ ಆಳಿನ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು. ಅಬೌಡ್, ಕ್ರಾಮಾರ್ಜ್, ಮಾರ್ಗೋಲಿಸ್ ಮೂವರು 1999ರಲ್ಲಿ ಬರೆದ ಲೇಖನ ಕೊಟ್ಟು ಓದು ಅಂದರು. ಮೂರು ಸಲ ಓದಿದೆ. ಸಮೀಕರಣ ತಿಳಿಯಿತು. ಆದರೆ ಅದಕ್ಕೆ ಬೇಕಾದ ದತ್ತಾಂಶ ನಮ್ಮಲ್ಲಿ ಎಲ್ಲಿದೆ?

ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ ಕಾರ್ಖಾನೆ ಇದೆ, ಎಷ್ಟು ಜನ, ಒಟ್ಟು ಎಷ್ಟು ಕೂಲಿ ಅಂತ ಇದೆ. ಒಬ್ಬೊಬ್ಬ ಕೆಲಸಗಾರ ಇಲ್ಲ. 2017-18ರಿಂದ ನಡೆಯುತ್ತಿರುವ, ಕೆಲಸಗಾರರ ಬಗೆಗಿನ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲಿ ಮನೆಮನೆಯ ಕೆಲಸಗಾರ ಇದ್ದಾನೆ, ಅವನು ಯಾವ ಕಾರ್ಖಾನೆಗೆ ಹೋಗುತ್ತಾನೆ ಅನ್ನುವ ಗುರುತು ಇಲ್ಲ. ಒಂದು ಕಡೆ ಹುಡುಗನ ಜಾತಕ, ಇನ್ನೊಂದು ಕಡೆ ಹುಡುಗಿಯ ಜಾತಕ, ನಡುವೆ ಕೂಡಿಸುವವರು ಯಾರೂ ಇಲ್ಲ. ಇಬ್ಬರನ್ನೂ ಒಟ್ಟಿಗೆ ಹಿಡಿದಿರುವುದು ಪಿಎಫ್ ಮಾತ್ರ ಅನ್ನಿಸುತ್ತದೆ. ಯುಎಎನ್ (ಆಳಿನ ಪಿಎಫ್ ಸಂಖ್ಯೆ) ಅಂದರೆ ಆಳು, ಸಂಸ್ಥೆಯ ಕೋಡ್ ಅಂದರೆ ಮಾಲೀಕ, ಪ್ರತಿ ತಿಂಗಳು ಸಂಬಳ. 2018ರ ಏಪ್ರಿಲ್‌ನಿಂದ ಪಿಎಫ್ ಸಂಸ್ಥೆ ಪ್ರತಿ ತಿಂಗಳು ಅಂಕಿ ಹೊರಗೆ ಬಿಡುತ್ತದೆ ನಿಜ, ಆದರೆ ಅದು ವಯಸ್ಸು, ರಾಜ್ಯ, ಉದ್ಯಮದ ಪ್ರಕಾರ ಕೂಡಿಸಿದ ಲೆಕ್ಕ.

ಒಳಗಿನ ದತ್ತಾಂಶ ಹೇಗಾದರೂ ಸಿಕ್ಕಿತು ಅಂದುಕೊಳ್ಳೋಣ. ಅದನ್ನು ನಂಬಬಹುದಾ? ಸಿಗದಿದ್ದರೆ ನನ್ನಂಥವಳು ಏನು ಮಾಡಬೇಕು? ಈ ಕೆಲಸ ಬಲ್ಲವರು ದಯವಿಟ್ಟು ಹೇಳಿ. "ವಿಷಯ ಬದಲಿಸು" ಅನ್ನುವುದನ್ನು ಬಿಟ್ಟು ಏನು ಬೇಕಾದರೂ ಹೇಳಿ.

ಇಳಕಲ್_ದಡಿ ಉತ್ತರ:

ನಾನು ಇಳಕಲ್‌ನವನು, ಈಗ ಜರ್ಮನಿಯಲ್ಲಿ ಇದೇ ಕೆಲಸ. ಪಿಎಚ್‌ಡಿಗೆ ಪೋರ್ಚುಗಲ್‌ನ ದಾಖಲೆ ಹಿಡಿದಿದ್ದೆ.

ನಿಮ್ಮ ಮಾಮಾ ಮಾಮಿಯ ಜಗಳ ಬಿಡಿಸುವ ದಾರಿ ಒಂದೇ: ಜಾಗ ಬದಲಿಸಿದವರನ್ನು ನೋಡುವುದು. ಒಬ್ಬರು ಶೆಡ್‌ನಿಂದ ದೊಡ್ಡ ಫೌಂಡ್ರಿಗೆ ಹೋಗಿ 4,500 ಜಾಸ್ತಿ ಪಡೆದರೆ ಏನೂ ಗೊತ್ತಾಗುವುದಿಲ್ಲ. ಹಾಗೆ ಹೋದ ಹತ್ತು ಜನಕ್ಕೂ ಸುಮಾರು ಅಷ್ಟೇ ಏರಿ, ಅಲ್ಲಿಂದ ಶೆಡ್‌ಗೆ ವಾಪಸ್ ಬಂದವರಿಗೆ ಸುಮಾರು ಅಷ್ಟೇ ಇಳಿದರೆ, ಅದು ಕಾರ್ಖಾನೆಯ ಪಾಲು. ಏರಿಕೆ ಇಳಿಕೆ ಹೀಗೆ ಸರಿದೂಗುತ್ತದಾ ಅನ್ನುವುದನ್ನು ಮೊದಲು ಚಿತ್ರ ಬಿಡಿಸಿ ನೋಡಿ. ಕಾರ್ಡ್, ಹೈನಿಂಗ್, ಕ್ಲೈನ್ 2013ರಲ್ಲಿ ಪಶ್ಚಿಮ ಜರ್ಮನಿಯ ದಾಖಲೆಗಳ ಮೇಲೆ ಮಾಡಿದ್ದು ಇದನ್ನೇ. ಸಮೀಕರಣ ಆಮೇಲೆ.

ಇನ್ನೊಂದು ಷರತ್ತು. ಕಾರ್ಖಾನೆಗಳ ನಡುವೆ ಜನರ ಓಡಾಟ ಇರಬೇಕು. ಉದ್ಯಮಬಾಗದಿಂದ ಮಚ್ಛೆಗೆ, ಮಚ್ಛೆಯಿಂದ ಆಟೋನಗರಕ್ಕೆ ಯಾರಾದರೂ ಹೋಗಿದ್ದರೆ ಮೂರೂ ಒಂದೇ ದಾರದಲ್ಲಿ ಪೋಣಿಸಿದಂತೆ. ಯಾರೂ ಬರದ, ಯಾರೂ ಬಿಡದ ಕಾರ್ಖಾನೆಯನ್ನು ಬೇರೆಯದರ ಜೊತೆ ಹೋಲಿಸಲು ಆಗುವುದೇ ಇಲ್ಲ. ಓಡಾಟ ಕಡಿಮೆ ಇದ್ದರೂ ಕಷ್ಟವೇ. ಒಬ್ಬನೇ ಒಬ್ಬ ಬಂದು ಸೇರಿದ ಕಾರ್ಖಾನೆ ಇದ್ದರೆ, ಅವನ ಆ ವರ್ಷದ ಓವರ್‌ಟೈಮ್ ಕೂಡ ಕಾರ್ಖಾನೆಯ ಗುಣ ಅಂತ ಲೆಕ್ಕಕ್ಕೆ ಬಂದುಬಿಡುತ್ತದೆ. ಕಾರ್ಖಾನೆಯ ಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನೀವು ಓದಿದ 1999ರ ಲೇಖನದ ಫ್ರಾನ್ಸ್ ದಾಖಲೆಗೂ ಈ ತೊಂದರೆ ಇತ್ತು. ಅದರಲ್ಲಿ ಇದ್ದವರು ಯಾರು ಗೊತ್ತಾ? ಸಮ ಸಂಖ್ಯೆಯ ವರ್ಷದ ಅಕ್ಟೋಬರ್‌ನಲ್ಲಿ ಹುಟ್ಟಿದವರು ಮಾತ್ರ. ಅಂದರೆ 25ರಲ್ಲಿ ಒಬ್ಬ. ಕಾರ್ಖಾನೆ ಬಿಟ್ಟು ಹೋದ ಗೆಳೆಯ ನವೆಂಬರ್‌ನಲ್ಲಿ ಹುಟ್ಟಿದ್ದರೆ ಅವನು ಕಟ್ಟಿದ ದಾರವೂ ಹೋಯಿತು. ನಾನು ಮೊದಲ ಸಲ ಇದನ್ನು ಓದಿದಾಗ ನಕ್ಕಿದ್ದೆ.

ಈಗಿನ ಒಂದು ಉಪಾಯ ನಿಮಗೆ ಹೊಂದುತ್ತದೆ. ಬೋನೊಮ್, ಲಮಾಡೋನ್, ಮನ್ರೇಸಾ 2019ರಲ್ಲಿ ಒಂದೊಂದು ಕಾರ್ಖಾನೆಗೂ ಒಂದೊಂದು ಅಂಕಿ ಹುಡುಕುವುದನ್ನು ಬಿಟ್ಟು, ಸಂಬಳದ ಹಂಚಿಕೆ ಒಂದೇ ಥರ ಇರುವ ಕಾರ್ಖಾನೆಗಳನ್ನು ಕೆಲವೇ ಗುಂಪು ಮಾಡಿದರು. ನಿಮ್ಮಂಥ ಸಣ್ಣ ದತ್ತಾಂಶಕ್ಕೆ ನಾಲ್ಕೈದು ಗುಂಪು ಸಾಕು.

ನಂಬಿಕೆಯ ವಿಚಾರಕ್ಕೆ ಪೋರ್ಚುಗಲ್ ಕಥೆ ಹೇಳಬೇಕು. ಅಲ್ಲಿ ಒಬ್ಬನೇ ಸಂಬಳದ ಆಳು ಇದ್ದರೂ ಮಾಲೀಕ ವರ್ಷಕ್ಕೊಮ್ಮೆ ಪಟ್ಟಿ ಸಲ್ಲಿಸಬೇಕಿತ್ತು. ಯಾರಿಗೆ ಎಷ್ಟು ಸಂಬಳ, ಎಷ್ಟು ಗಂಟೆ, ಎಲ್ಲವೂ. ಆ ಪಟ್ಟಿಯನ್ನು ಕೆಲಸಗಾರರೆಲ್ಲ ನೋಡುವ ಜಾಗದಲ್ಲಿ ಇಡಬೇಕು ಅಂತ ಕಾನೂನು. ಪಕ್ಕದವನ ಸಂಬಳ ಎಲ್ಲರಿಗೂ ಕಾಣುವಾಗ ಸುಳ್ಳು ಬರೆಯುವುದು ಕಷ್ಟ, ಅಲ್ವಾ? ಅದೇ ದಾಖಲೆಯಿಂದ 2016ರಲ್ಲಿ ಕಾರ್ಡ್, ಕಾರ್ಡೋಸೊ, ಕ್ಲೈನ್ ಒಂದು ಲೆಕ್ಕ ತೆಗೆದರು. ಒಳ್ಳೆಯ ಕಂಪನಿ ಗಂಡಸರಿಗೆ ಕೊಡುವ ಹೆಚ್ಚುವರಿಯಲ್ಲಿ ಹೆಂಗಸರಿಗೆ ಸಿಗುವುದು ನೂರಕ್ಕೆ ಸುಮಾರು 90 ಭಾಗ ಮಾತ್ರ.

ನಮ್ಮ ಪಿಎಫ್ ದಾಖಲೆ ಒಳಗಿನಿಂದ ಹೇಗಿರುತ್ತದೆ, ಅದನ್ನು ತುಂಬುವವರೇ ಹೇಳಬೇಕು.

ಚಲನ್_ಅಕ್ಕ ಉತ್ತರ:

ತುಂಬುವವಳು ನಾನು. ತಿಲಕವಾಡಿಯಲ್ಲಿ ಒಂದು ಸಣ್ಣ ರೂಮಿನಲ್ಲಿ 16 ವರ್ಷದಿಂದ ಪಿಎಫ್, ಇಎಸ್‌ಐ ಕೆಲಸ ಮಾಡುತ್ತಿದ್ದೇನೆ. ಈಗ 23 ಕಾರ್ಖಾನೆಗಳ ಇಸಿಆರ್, ಅಂದರೆ ತಿಂಗಳ ಪಿಎಫ್ ಪಟ್ಟಿ, ಹಾಕುತ್ತೇನೆ. ಮೊದಲೇ ಹೇಳಿಬಿಡುತ್ತೇನೆ ತಂಗಿ, ಆ ಫೈಲ್‌ಗಳನ್ನು ಕೊಡುವುದಿಲ್ಲ. ಕೇಳಲೂ ಬೇಡ. ಅವು ನನ್ನವಲ್ಲ.

ಆದರೆ ಅದರಲ್ಲಿ ಏನಿರುತ್ತದೆ ಹೇಳಬಲ್ಲೆ. ಒಂದು ಆಳಿಗೆ ಒಂದು ಸಾಲು. ಯುಎಎನ್, ಹೆಸರು, ಒಟ್ಟು ಸಂಬಳ, ಪಿಎಫ್ ಸಂಬಳ, ಪಿಂಚಣಿ ಸಂಬಳ, ವಿಮೆ ಸಂಬಳ, ಆಮೇಲೆ ವಂತಿಗೆಗಳು, ಸಂಬಳವಿಲ್ಲದ ದಿನಗಳು. ನೀವು ಹೇಳುವ ದೊಡ್ಡ ಲೆಕ್ಕಕ್ಕೆ ಬೇಕಾದ್ದು "ಒಟ್ಟು ಸಂಬಳ" ಅನ್ನುವ ಖಾನೆ. ನನ್ನ ಹತ್ತಿರ ಬರುವ ಪಟ್ಟಿಗಳಲ್ಲಿ ಅದರ ಗತಿ ಏನು? ಬಹಳ ಕಡೆ ಪಿಎಫ್ ಸಂಬಳವನ್ನೇ ಅಲ್ಲಿಯೂ ಅಂಟಿಸಿ ಕಳಿಸುತ್ತಾರೆ. ವಂತಿಗೆ ಕಡಿತ ಆಗುವುದು ಪಿಎಫ್ ಸಂಬಳದ ಮೇಲೆ. ಒಟ್ಟು ಸಂಬಳ ತಪ್ಪಿದ್ದರೂ ಚಲನ್ ಪಾಸಾಗುತ್ತದೆ. 15ನೇ ತಾರೀಖಿನ ಒಳಗೆ ಹಣ ಕಟ್ಟಬೇಕು. 14ರ ರಾತ್ರಿ ಹನ್ನೊಂದಕ್ಕೆ ಸರ್ವರ್ ಸುತ್ತುತ್ತಾ ಕೂತಾಗ ಆ ಖಾನೆ ಸರಿ ಇದೆಯಾ ಅಂತ ಯಾರು ನೋಡುತ್ತಾರೆ?

ಪಿಎಫ್ ಸಂಬಳಕ್ಕೆ ಇನ್ನೊಂದು ಗೋಡೆ ಇದೆ. 2014ರ ಸೆಪ್ಟೆಂಬರ್‌ನಿಂದ ಮಿತಿ 15,000. ಅದಕ್ಕಿಂತ ಜಾಸ್ತಿ ಇದ್ದವರಿಗೂ ಹೆಚ್ಚಿನ ಮಾಲೀಕರು 15,000ಕ್ಕೇ ಕಟ್ಟುತ್ತಾರೆ. ಅಂದರೆ ಆಳಿನ ಪಾಲು 1,800 ರೂಪಾಯಿ. ಮೋಲ್ಡರ್, ಫಿಟ್ಟರ್, ಸೂಪರ್‌ವೈಜರ್ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಿರುತ್ತಾರೆ.

ಹಾಗೆಯೇ 2019ರ ಗೊಂದಲ. ಆ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಎಲ್ಲರಿಗೂ ಒಂದೇ ಥರ ಕೊಡುವ ಭತ್ಯೆಯೂ ಪಿಎಫ್ ಲೆಕ್ಕಕ್ಕೆ ಸೇರಬೇಕು ಅಂತ ಹೇಳಿತು. ನನ್ನ ಎರಡು ಕಾರ್ಖಾನೆಗಳವರು ಹೆದರಿ ಮುಂದಿನ ತಿಂಗಳೇ ಸ್ಪೆಷಲ್ ಅಲೊವೆನ್ಸನ್ನು ಮೂಲ ಸಂಬಳಕ್ಕೆ ಸೇರಿಸಿದರು. ದಾಖಲೆಯಲ್ಲಿ ಸಂಬಳ ಜಿಗಿಯಿತು. ಆದರೆ ಆಳಿನ ಕೈಗೆ ಬಂದದ್ದು ಕಡಿಮೆ, ಯಾಕೆಂದರೆ ಕಡಿತ ಜಾಸ್ತಿ ಆಯಿತು. ಒಬ್ಬ ಹಿರಿಯ ಕೆಲಸಗಾರರು ನನ್ನ ಆಫೀಸಿಗೆ ಬಂದು "ಅಕ್ಕಾರ, ಪಗಾರ ಏರೈತಿ ಅಂತಾರ, ರೊಕ್ಕ ಇಳಿದೈತಿ" ಅಂದರು. ನಿಮ್ಮ ಕಂಪ್ಯೂಟರ್ ಇದನ್ನು ನೋಡಿ ಖುಷಿ ಪಡುತ್ತದೆ.

ಇವೆಲ್ಲ ಸಣ್ಣವು. ದೊಡ್ಡದು ಮಾಲೀಕನ ಖಾನೆ. ಒಂದು ಫೌಂಡ್ರಿ ಅಂದುಕೊಳ್ಳಿ, ಹೆಸರು ಬೇಡ. ಬೆಳಿಗ್ಗೆ ಗೇಟಿನ ಒಳಗೆ ಹೋಗುವವರು ಸುಮಾರು 140. ಕಂಪನಿಯ ಸ್ವಂತ ಕೋಡ್‌ನಲ್ಲಿ 38 ಜನ. ಉಳಿದವರು ಮೂರು ಕಾಂಟ್ರ್ಯಾಕ್ಟರ್‌ಗಳ ಕೋಡ್‌ನಲ್ಲಿ. ಫೆಟ್ಲಿಂಗ್ (ಎರಕ ಉಜ್ಜಿ ಚೊಕ್ಕ ಮಾಡುವ ಕೆಲಸ) ಒಬ್ಬನ ಕೆಳಗೆ, ಮೋಲ್ಡಿಂಗ್ ಇನ್ನೊಬ್ಬನ ಕೆಳಗೆ. ಆ ಕಾಂಟ್ರ್ಯಾಕ್ಟರ್ ಇನ್ನೂ ನಾಲ್ಕು ಕಡೆ ಆಳು ಕಳಿಸುತ್ತಾನೆ, ಎಲ್ಲರೂ ಒಂದೇ ಕೋಡ್. ಈಗ ಹೇಳಿ, ನಿಮ್ಮ "ಕಾರ್ಖಾನೆಯ ಪಾಲು" ಯಾವ ಕಾರ್ಖಾನೆಯದು? ನೀವು ಅಳೆಯುವುದು ಕಾಂಟ್ರ್ಯಾಕ್ಟರನನ್ನು. ಭಟ್ಟಿಯನ್ನಲ್ಲ.

ಇನ್ನು ಕೆಲಸ ಬಿಟ್ಟ ತಾರೀಖು ಹಾಕದೆ ವರ್ಷಗಟ್ಟಲೆ ಬಿಡುವವರು ಇದ್ದಾರೆ. ಆಧಾರ್‌ನಲ್ಲಿ ಹೆಸರು ಬೇರೆ ಇದ್ದದ್ದಕ್ಕೆ ಎರಡೆರಡು ಯುಎಎನ್ ಹುಟ್ಟಿದವರು ಇದ್ದಾರೆ. 20 ಜನ ಆದರೆ ಪಿಎಫ್ ಕಡ್ಡಾಯ ಅಂತ 18, 19ಕ್ಕೆ ನಿಂತ ಶೆಡ್‌ಗಳಂತೂ ಬಹಳ, ಅವು ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ.

ಒಂದು ಮಾತು. ಫೈಲ್ ನನ್ನದಲ್ಲ, ಆದರೆ ಪಾಸ್‌ಬುಕ್ ಆಳಿನದೇ. ಉಮಂಗ್ ಆ್ಯಪ್‌ನಲ್ಲಿ ತೆರೆಯುತ್ತದೆ. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಅವರು ಎಲ್ಲೆಲ್ಲಿ ಕೆಲಸ ಮಾಡಿದರು ಅನ್ನುವ ಪಟ್ಟಿಯೂ ಇರುತ್ತದೆ. ಮೊದಲು ಮಾಮಾನದು ನೋಡು.

ಘಟಪ್ರಭಾ_ದಂಡೆ ಉತ್ತರ:

ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಟೈಮ್ ಆಫೀಸ್‌ನಲ್ಲಿ ಇದ್ದು ನಿವೃತ್ತನಾದವನು ನಾನು. ಫೌಂಡ್ರಿ ಜ್ಞಾನ ಇಲ್ಲ, ಒಂದು ಎಚ್ಚರಿಕೆ ಮಾತ್ರ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ದಾಖಲೆ ಹಿಡಿದರೆ ಸಕ್ಕರೆ ಕಾರ್ಖಾನೆಗಳು ಬಂದೇ ಬರುತ್ತವೆ. ನಮ್ಮಲ್ಲಿ ಹಂಗಾಮಿ ಕೆಲಸಗಾರರು ಅಂತ ಇರುತ್ತಾರೆ. ಕಬ್ಬು ನುರಿಸುವಾಗ ಪೂರ್ತಿ ಪಗಾರ. ಹಂಗಾಮು ಮುಗಿದ ಮೇಲೆ ಮನೆಯಲ್ಲಿ ಇರುತ್ತಾರೆ, ಮುಂದಿನ ವರ್ಷ ಬೇರೆ ಕಡೆ ಹೋಗಬಾರದು ಅಂತ ಸ್ವಲ್ಪ ರಿಟೇನಿಂಗ್ ಅಲೊವೆನ್ಸ್ ಕೊಡುತ್ತಾರೆ. 1952ರ ಪಿಎಫ್ ಕಾಯ್ದೆಯಲ್ಲೇ ಇದರ ಹೆಸರು ಇದೆ, ಅದರ ಮೇಲೂ ವಂತಿಗೆ ಕಟ್ಟಬೇಕು. ತಿಳಿಯದವರು ನೋಡಿದರೆ, ಪ್ರತಿ ಬೇಸಿಗೆ ಸಂಬಳ ಬಿದ್ದು ಹೋಗಿ ದೀಪಾವಳಿ ಹೊತ್ತಿಗೆ ಎದ್ದು ನಿಂತಂತೆ ಕಾಣುತ್ತದೆ. ಆ ಬೇಸಿಗೆಯಲ್ಲಿ ಅದೇ ಮನುಷ್ಯ ಬೇರೆ ಕಡೆ ವೆಲ್ಡಿಂಗ್ ಮಾಡುತ್ತಿರುತ್ತಾನೆ, ಅದಕ್ಕೆ ದಾಖಲೆ ಇಲ್ಲ.

ಕಬ್ಬು ಕಡಿಯುವ ಗ್ಯಾಂಗ್‌ಗಳಂತೂ ಕೇಳಲೇಬೇಡಿ. ಗ್ಯಾಂಗಿನ ಮುಖಂಡ ಮುಕಾದಮನಿಗೆ ಮುಂಗಡ, ಅವನ ಹಿಂದೆ ಗಂಡ ಹೆಂಡತಿ ಜೋಡಿ ಜೋಡಿ ಜನ. ಅವರಿಲ್ಲದೆ ಒಂದು ಟನ್ ಕಬ್ಬೂ ಗೇಟಿಗೆ ಬರುವುದಿಲ್ಲ. ನನ್ನ ಇಡೀ ನೌಕರಿಯಲ್ಲಿ ಅವರ ಒಂದು ಹೆಸರನ್ನೂ ನಾನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಇನ್ನೊಂದು. ನಿಪ್ಪಾಣಿ, ಚಿಕ್ಕೋಡಿ ಹುಡುಗರು ಕೊಲ್ಹಾಪುರದ ಶಿರೋಲಿ ಫೌಂಡ್ರಿಗಳಿಗೆ ಹೋಗುತ್ತಾರೆ. ಬರೀ ಕರ್ನಾಟಕದ ದಾಖಲೆ ಹಿಡಿದರೆ ಅವರು ಕೆಲಸ ಬಿಟ್ಟರು ಅಂತ ಆಗುತ್ತದೆ. ಸಂಬಳ ಜಾಸ್ತಿ ಸಿಕ್ಕಿದ್ದಕ್ಕೇ ಹೋದವರು ಅವರು.

ಇಂಡಿ_ಲಿಂಬಿ ಮತ್ತೆ:

ಅಕ್ಕಾರ, ನಿನ್ನೆ ರಾತ್ರಿ ಊಟ ಆದ ಮೇಲೆ ಮಾಮಾನ ಫೋನ್ ಇಟ್ಟುಕೊಂಡು ಕೂತೆವು. ಪಾಸ್‌ವರ್ಡ್ ಮರೆತಿತ್ತು, ಒಟಿಪಿ ಹಳೆಯ ನಂಬರಿಗೆ ಹೋಗುತ್ತಿತ್ತು, ಒಂದು ತಾಸು ಅದರಲ್ಲೇ ಹೋಯಿತು. ಕೊನೆಗೆ ತೆರೆಯಿತು.

ಮಾಮಾನ ಬಾಯಿಂದ ಕೇಳಿದ ಲೆಕ್ಕ: 19 ವರ್ಷ, ಆರು ಫೌಂಡ್ರಿ. ಪಟ್ಟಿಯಲ್ಲಿ ಇರುವುದು ನಾಲ್ಕೇ ಹೆಸರು. ಅದರಲ್ಲಿ ಫೌಂಡ್ರಿ ಅಂತ ಇರುವುದು ಒಂದು. ಎರಡು ಯಾರೋ ಕಾಂಟ್ರ್ಯಾಕ್ಟರ್‌ಗಳ ಎಂಟರ್‌ಪ್ರೈಸಸ್. ನಾಲ್ಕನೆಯದನ್ನು ಓದಿ ಮಾಮಿ ನಗೋಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅದು ಸೆಕ್ಯುರಿಟಿ ಸರ್ವಿಸ್. ಮೂರು ವರ್ಷ ಭಟ್ಟಿ ಮುಂದೆ ಬೆವರು ಸುರಿಸಿದ ಮನುಷ್ಯ ಕಾಗದದಲ್ಲಿ ವಾಚ್‌ಮನ್ ಕಂಪನಿಯವರು. ಪಿಎಫ್ ಸಂಸ್ಥೆಯ ತಿಂಗಳ ಪ್ರಕಟಣೆಗಳಲ್ಲಿ ಹೊಸ ಕೆಲಸಗಳ ದೊಡ್ಡ ಪಾಲು "ತಜ್ಞ ಸೇವೆಗಳು" ಅನ್ನುವ ಗುಂಪಿನಲ್ಲಿ ಬರುವುದನ್ನು ಓದಿದ್ದೆ. ಆಳು ಪೂರೈಸುವವರು, ಸೆಕ್ಯುರಿಟಿ ಏಜೆನ್ಸಿಗಳು ಎಲ್ಲ ಅದರಲ್ಲೇ ಸೇರುತ್ತಾರೆ. ಆ ತಜ್ಞರಲ್ಲಿ ನಮ್ಮ ಮಾಮಾನೂ ಒಬ್ಬರು ಅಂತ ಗೊತ್ತಿರಲಿಲ್ಲ.

ಈಗ ಆ ಜಿಗಿತ ನೋಡಿ. ಶೆಡ್‌ನಲ್ಲಿ 14,500ಕ್ಕೆ ಪೂರ್ತಿ ಪಿಎಫ್, ಮಾಮಾನ ಪಾಲು 1,740. ದೊಡ್ಡ ಫೌಂಡ್ರಿಯಲ್ಲಿ 19,000 ಸಂಬಳ, ಪಿಎಫ್ ಕಟ್ಟುವುದು 15,000ಕ್ಕೆ, ಪಾಲು 1,800. ನನ್ನ ಪ್ರಬಂಧ ಹುಟ್ಟಿದ್ದೇ 4,500 ರೂಪಾಯಿಯಿಂದ. ಪಾಸ್‌ಬುಕ್‌ನಲ್ಲಿ ಅದು 60 ರೂಪಾಯಿ ಆಗಿದೆ.

ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಿನಿಂದಲ್ಲ. ಪ್ರಶ್ನೆ ಇದೇ ಇರಬೇಕು ಅನ್ನಿಸಿತು. 150 ಕೆಲಸಗಾರರನ್ನು ಒಪ್ಪಿಸಿ, ಅವರ ಎದುರೇ ಪಾಸ್‌ಬುಕ್ ತೆರೆಸಿ, ಪ್ರತಿ ಸಾಲಿಗೂ ಎರಡು ಮಾಲೀಕರನ್ನು ಬರೆದುಕೊಳ್ಳುವುದು: ಕಾಗದದ ಮಾಲೀಕ, ಭಟ್ಟಿಯ ಮಾಲೀಕ. ಸಂಬಳವೂ ಎರಡು: ಪಿಎಫ್ ಸಂಬಳ, ಕೈಗೆ ಬಂದದ್ದು. ಯುಎಎನ್ ಬರೆದುಕೊಳ್ಳುವುದಿಲ್ಲ, ಫೋಟೊ ತೆಗೆಯುವುದಿಲ್ಲ, ನನ್ನದೇ ನಂಬರ್ ಕೊಡುತ್ತೇನೆ. ಇದು ನಡೆಯುತ್ತದಾ ಅಣ್ಣಾ?

ಇಳಕಲ್_ದಡಿ:

ನಡೆಯುತ್ತದೆ. 150 ಜನರಿಂದ ಪ್ರತಿ ಕಾರ್ಖಾನೆಯ ಪಾಲು ತೆಗೆಯಲು ಹೋಗಬೇಡಿ, ಅದು ಆಗುವುದಿಲ್ಲ. ಆದರೆ ದಾಖಲೆ ಎಲ್ಲಿ, ಎಷ್ಟು ಸುಳ್ಳು ಹೇಳುತ್ತದೆ ಅನ್ನುವುದಕ್ಕೆ 150 ಸಾಕು. ನಾಳೆ ಯಾರಿಗಾದರೂ ಒಳಗಿನ ದತ್ತಾಂಶ ಸಿಕ್ಕರೆ ಅವರು ಮೊದಲು ಹುಡುಕುವುದು ನಿಮ್ಮ ಕೋಷ್ಟಕವನ್ನು.

ಜರ್ಮನಿಯ ದಾಖಲೆಯಲ್ಲೂ ವಂತಿಗೆ ಮಿತಿಯ ಮೇಲಿನ ಸಂಬಳ ಕಾಣುವುದಿಲ್ಲ. ಆದರೆ ಇಲ್ಲಿ ಗೆರೆ ಎತ್ತರದಲ್ಲಿದೆ, ಅದರ ಮೇಲೆ ಇರುವವರು ಸ್ವಲ್ಪ ಜನ, ಉಳಿದವರನ್ನು ನೋಡಿ ಅಂದಾಜು ಮಾಡಬಹುದು. ನಮ್ಮಲ್ಲಿ ಕಸುಬು ಬಲ್ಲವರೇ ಗೆರೆಗೆ ತಾಗಿ ನಿಂತಿದ್ದಾರೆ. ಅಂದಾಜಿಗೆ ಆಧಾರವೇ ಇಲ್ಲ. ಅದಕ್ಕೇ ಕೈಗೆ ಬಂದ ಸಂಬಳ ಕೇಳಲೇಬೇಕು.

ಕಾಂಟ್ರ್ಯಾಕ್ಟರ್ ವಿಷಯಕ್ಕೆ ಗೋಲ್ಡ್‌ಶ್ಮಿಟ್, ಶ್ಮೀಡರ್ ಇಬ್ಬರ 2017ರ ಕೆಲಸ ಓದಿ. ಒಂದು ಕಂಪನಿಯ ಕೋಡ್‌ನಿಂದ ಒಂದು ಗುಂಪಿನ ಜನ ಒಟ್ಟಿಗೆ ಹೊರಟು ಒಟ್ಟಿಗೇ ಬೇರೆ ಕೋಡ್‌ಗೆ ಬಂದರೆ, ಅದು ಹೊರಗುತ್ತಿಗೆ ಅಂತ ಹಿಡಿದರು. ಕ್ಲೀನಿಂಗ್, ಅಡುಗೆ, ಸೆಕ್ಯುರಿಟಿ, ಸರಕು ಸಾಗಿಸುವವರು. ಅವರ ಸಂಬಳ 10ರಿಂದ 15 ಶೇಕಡಾ ಕಡಿಮೆಯಾಗಿತ್ತು. ನೀವೂ ಕೇಳಿ: ಕೋಡ್ ಬದಲಾದ ದಿನ ನಿಮ್ಮ ಜೊತೆ ಇನ್ನೆಷ್ಟು ಜನ ಬದಲಾದರು? ಭಟ್ಟಿ ಬದಲಾಯಿತಾ? ಈ ಎರಡು ಪ್ರಶ್ನೆ ಬಿಡಬೇಡಿ.

ಚಲನ್_ಅಕ್ಕ:

ಪೋರ್ಚುಗಲ್ ಪಟ್ಟಿಯ ಕಥೆಯನ್ನು ನನ್ನ ಒಬ್ಬ ಮಾಲೀಕರಿಗೆ ಹೇಳಿದೆ. ಗೇಟಿನ ಹತ್ತಿರ ಎಲ್ಲರ ಪಗಾರ ಅಂಟಿಸುವ ದೇಶ ಇದೆ ಅಂತ. ಚಹಾ ಕಪ್ ಕೆಳಗಿಟ್ಟು, "ಇಲ್ಲಿ ಯಾರಿಗೂ ಹೇಳಬ್ಯಾಡ್ರಿ ಮೇಡಂ" ಅಂದರು.

ತಂಗಿ, ಪ್ರಶ್ನಾವಳಿ ಬರೆದ ಮೇಲೆ ತೋರಿಸು. ಪಾಸ್‌ಬುಕ್‌ನಲ್ಲಿ ಯಾವ ಖಾನೆ ಏನು ಅಂತ ಒಂದು ದಿನ ಕೂತು ಹೇಳಿಕೊಡುತ್ತೇನೆ, ಹಳೆಯ ನಂಬರ್ ಬದಲಿಸುವುದೂ ಕಲಿತುಕೋ, 150ರಲ್ಲಿ 100 ಜನ ಅಲ್ಲೇ ಸಿಕ್ಕಿಬೀಳುತ್ತಾರೆ. ಯಾವಾಗ ಬೇಕಾದರೂ ಬಾ. 12ರಿಂದ 15ನೇ ತಾರೀಖಿನವರೆಗೆ ಮಾತ್ರ ಬರಬೇಡ.